ಹತ್ತಕ್ಕೆ ಎರಡು

ವಿಮರ್ಶಕ ವಾಸುಕಿ ಹತ್ತಕ್ಕೆ ಎರಡು ಅಂಕ ಕೊಟ್ಟನೆಂದರೆ, ಆ ವಿಡಿಯೋ ಗೇಮ್ ಮಾಡಿದ ಕಂಪನಿಯ ಕಾವಲುಗಾರನೂ ಬೇರೆ ಕೆಲಸ ಹುಡುಕಿಕೊಳ್ಳುತ್ತಿದ್ದ. ಬೇರೆಯವರು ತಿಂಗಳುಗಟ್ಟಲೆ ಹೆಣಗುವ ಗೇಮನ್ನು ಅವನು ಕಾಫಿ ಆರುವುದರೊಳಗೆ ಮುಗಿಸುತ್ತಾನೆಂದು ಇಡೀ ಭೂಮಂಡಲವೇ ನಂಬಿತ್ತು. ಆ ನಂಬಿಕೆಯೇ ಅವನ ಅನ್ನ.

ಅವತ್ತು ಅವನ ಲೈವ್ ಕಾರ್ಯಕ್ರಮಕ್ಕೆ, ಎರಡೇ ಅಂಕ ಪಡೆದ ಹೊಸ ಗೇಮೊಂದನ್ನು ಮಾಡಿದ್ದ ಹುಡುಗಿ ಲ್ಯಾಪ್‌ಟಾಪ್ ಹಿಡಿದು ಬಂದಳು. ಲಕ್ಷ ಜನ ನೋಡುತ್ತಿದ್ದರು.

“ಅಂಕ ಜಾಸ್ತಿ ಮಾಡಿ ಅಂತ ಕೇಳೋಕೆ ಬಂದ್ಯೇನಮ್ಮಾ?”

“ಇಲ್ಲ ಸಾರ್. ಗೇಮ್ ಪೂರ್ತಿ ಆಡಿದ್ರಾ ಅಂತ...”

“ಪೂರ್ತೀನಾ? ಎರಡು ಸಲ! ಕೋಟೆಯ ಏಳೂ ಬಾಗಿಲನ್ನ ಎಡಗೈಯಲ್ಲಿ ದಾಟಿದೆ. ಕೊನೇಲಿ ಬರೋ ರಾಕ್ಷಸ, ಪಾಪ, ನನ್ನ ನೋಡಿದ್ದೇ ಮಂಡಿಯೂರಿಬಿಟ್ಟ. ನಮ್ಮಜ್ಜಿ ಕನ್ನಡಕ ಇಲ್ದೇನೇ ಆಡ್ತಾರೆ ಕಣಮ್ಮಾ ಇದನ್ನ!”

ಹುಡುಗಿಯ ಕಣ್ಣು ತುಂಬಿ ಬಂತು. ಅವಮಾನಕ್ಕಿರಬೇಕೆಂದುಕೊಂಡ ವಾಸುಕಿ ದೊಡ್ಡ ಮನಸ್ಸು ಮಾಡಿ ಅವಳತ್ತ ನೀರಿನ ಲೋಟ ಸರಿಸಿದ.

ಅವಳು ಲೋಟವನ್ನು ಪಕ್ಕಕ್ಕಿಟ್ಟು, ಲ್ಯಾಪ್‌ಟಾಪ್ ತೆರೆದು ಅವನ ಮುಂದಿಟ್ಟು, ಕೈಮುಗಿದಳು.

“ದೇವರು ಸಿಕ್ಕ ಹಾಗಾಯ್ತು ಸಾರ್. ನಿಮಗೆ ಕಳಿಸಿದ ಪ್ರತೀಲಿ ಏನೋ ತಪ್ಪಾಗಿ ಮೂರನೇ ಬಾಗಿಲು ತೆರೀತಾನೇ ಇಲ್ಲ. ಅದನ್ನ ಮಾಡಿದ ನಾವು ನಾಲ್ಕು ಜನ ಹದಿನೈದು ದಿನದಿಂದ ಗುದ್ದಾಡ್ತಿದೀವಿ, ಆಚೆ ಹೋಗೋಕಾಗಿಲ್ಲ. ನೀವು ಎರಡು ಸಲ ದಾಟಿದೀರಲ್ಲ, ಇನ್ನೊಂದೇ ಒಂದ್ಸಲ ದಾಟಿ ತೋರಿಸಿ. ಎಲ್ರೂ ನೋಡ್ತಿದಾರೆ.”