ಹಲಗಿ ಸಾಫ್

ಎಂಟನೆಯ ಹಾಡೂ ಹಾಗೆಯೇ ಶುರುವಾದಾಗ ಆಮ್ರಪಾಲಿ ಕಿವಿಯಿಂದ ಹೆಡ್‌ಫೋನ್ ಕಿತ್ತಳು. ದನಿ ತನ್ನದೇ. ಆದರೆ ಹಿಂದಿದ್ದುದು ಅಪ್ಪ ಬಾರಿಸಿದ ಹಲಗಿಯಲ್ಲ, ಧಬ್ ಧಬ್ ಎಂದು ಒಂದೇ ಸಮನೆ ಕುಟ್ಟುವ ಯಂತ್ರ.

"ಅಣ್ಣಾ, ಹಲಗಿ ಎಲ್ಲಿ?"

ಹುಮನಾಬಾದಿನ ಆ ಸ್ಟುಡಿಯೋದ ಮಾಲೀಕ ಸಂತೋಷಕುಮಾರ ಕುರ್ಚಿ ತಿರುಗಿಸಿದ. "ನೀವು ಹೇಳಿದಂಗ ತೆಗೆದೀನಲ್ರಿ ಅಕ್ಕಾ."

ಭೀಮಗೀತೆಗಳ ಆಲ್ಬಂ ಅದು. ರೆಕಾರ್ಡಿಂಗ್ ನಡೆದಾಗ ಜಗಳವೋ ಜಗಳ. ಇವನಿಗೆ ಡಿಜೆಯಲ್ಲಿ ಎದೆ ನಡುಗಿಸುವ ಎಲೆಕ್ಟ್ರಾನಿಕ್ ಪ್ಯಾಡ್ ಬೇಕು, ಇವಳಿಗೆ ಅಪ್ಪನ ಹಲಗಿಯೇ ಬೇಕು. ಕಡೆಗೆ ಹಲಗಿಯೇ ಗೆದ್ದಿತ್ತು. ಅಪ್ಪ ಧಮ್ಮಪಾಲ ಸ್ಟುಡಿಯೋದ ಅಂಗಳದಲ್ಲಿ ಕಾಗದ ಸುಟ್ಟು, ಚರ್ಮ ಬಿಗಿಯಾಗಲೆಂದು ಹಲಗಿ ಕಾಯಿಸಿ ಕಾಯಿಸಿ ಬಾರಿಸಿದ್ದ. ಹದಿನೈದೇ ದಿನಕ್ಕೆ ಲಕ್ವಾ ಹೊಡೆದು ಬಲಗೈ ಬಿದ್ದುಹೋಯಿತು. ನಲವತ್ತು ವರ್ಷ ಬಾರಿಸಿದ ಕೈಯ ಬಡಿತ ಉಳಿದದ್ದು ಆ ಎಂಟು ಹಾಡುಗಳಲ್ಲಷ್ಟೇ.

"ತೆಗೀರಿ ಅಂತ ನಾ ಯಾವಾಗ ಅಂದೀನಿ?"

"ಫೋನಿನ್ಯಾಗ ಕೇಳಿದ್ನಲ್ಲ, ಕಾಕಾನ ಹಲಗಿ ಏನ್ ಮಾಡ್ಲಿ ಅಂತ. ಸಾಫ್ ಮಾಡ್ರಿ ಅಂದ್ರಿ. ಅಂತೂ ಹಟ ಬಿಟ್ರು ಅಂತ ಸಾಫ್ ಮಾಡಿದೆ."

"ಸಾಫ್ ಕೇಳ್ಬೇಕು ಅಂತ ಹೇಳಿದ್ದು ಅಣ್ಣಾ! ಒರೆಸಿ ಹಾಕ್ರಿ ಅಂತಲ್ಲ! ವಾಪಸ್ ಹಾಕ್ರಿ!"

ಸಂತೋಷಕುಮಾರನ ಮುಖ ಇಳಿಯಿತು. "ಎಲ್ಲಿಂದ ಹಾಕ್ಲಿ? ಡಿಸ್ಕ್ ತುಂಬಿತ್ತು, ಅದರ ಮ್ಯಾಲ ಬ್ಯಾರೆಯವರ ಹಾಡು ಬಂದಾವ. ನಿಮ್ಮ ದನಿ ಹಿಂದ ಹಲಗಿ ಸಣ್ಣಗ ಕೇಳ್ತಿತ್ತು, ಅದನ್ನೂ ಬಿಡದೆ ಒರೆಸೀನ್ರಿ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಇವನನ್ನು ಬೈಯೋಣವೆಂದರೆ ಆ ಮಾತು ಆಡಿದ್ದು ತನ್ನದೇ ಸುಡುಗಾಡು ಬಾಯಿ! ಆಮ್ರಪಾಲಿಗೆ ಅಳುವೂ ಬರಲಿಲ್ಲ.

ಮೂಲೆಯ ಸ್ಟೂಲಿನ ಮೇಲೆ ಧಮ್ಮಪಾಲ ಇನ್ನೊಂದು ಹೆಡ್‌ಫೋನ್ ಹಾಕಿಕೊಂಡು ಕೂತಿದ್ದ. ಇವರ ಮಾತು ಅವನಿಗೆ ಕೇಳಿಸಿರಲಿಲ್ಲ. ತಾಳ ಹಿಡಿಯಲೆಂದು ಎತ್ತಿದ ಎಡಗೈ ಮೊಣಕಾಲಿಗೆ ತಾಗದೆ ಇನ್ನೂ ಹಾಗೆಯೇ ಇತ್ತು. ಕೊನೆಯ ಹಾಡೂ ಮುಗಿಯುತ್ತ ಬಂದಿತ್ತು. ಅವನು ಒಂದು ಕಿವಿ ಬಿಡಿಸಿಕೊಂಡು, ಸೊಟ್ಟಗಾದ ಬಾಯಿಯಿಂದ ಮೆಲ್ಲಗೆ ಕೇಳಿದ:

"ಆಮೂ, ನಂದು ಯಾವಾಗ ಬರ್ತದವ್ವಾ?"