ಮುಗಿಯುವ ಕೇಸು

ತಟ್ಟುವ ಮೊದಲೇ ಬಾಗಿಲು ತೆರೆದುಕೊಂಡಿತು.

ಸೊಂಟಕ್ಕೆ ಕೈಯಿಟ್ಟು ನಿಂತಿದ್ದ ಮೇಲ್ಮನೆಯ ಮುದುಕಿ ಹುಡುಗಿಯನ್ನು ಅಡಿಯಿಂದ ಮುಡಿಯವರೆಗೆ ಅಳೆದಳು. ಹುಡುಗಿಯ ಬೆನ್ನಿಗೆ ಅಂಟಿಕೊಂಡಂತೆ ನಿಂತಿದ್ದ ಕೆಳಮನೆಯ ಅಜ್ಜಿ ಕರವಸ್ತ್ರದಿಂದ ಮೂಗೊರೆಸಿಕೊಂಡಳು.

"ಓಹೋ, ವಕೀಲರನ್ನೇ ಕರ್ಕೊಂಡು ಬಂದ್ಯಾ?" ಎಂದಳು ಮೇಲ್ಮನೆಯಾಕೆ. "ಇದಕ್ಕಿನ್ನೂ ಹಾಲುಹಲ್ಲು ಬಿದ್ದ ಹಾಗಿಲ್ಲ."

ಹುಡುಗಿ ಇನ್ನೂ ವಕೀಲೆಯಲ್ಲ, ಕಾನೂನು ಕಾಲೇಜಿನ ಕೊನೆಯ ವರ್ಷದವಳು. ಆ ಕಾಲೇಜಿನಲ್ಲೊಂದು ನಿಯಮವಿತ್ತು. ಬಡವರಿಗಾಗಿ ತೆರೆದಿದ್ದ ಉಚಿತ ಕಾನೂನು ನೆರವಿನ ಕೋಣೆಯಲ್ಲಿ ಕೂತು, ಪ್ರತಿಯೊಬ್ಬರೂ ಸ್ವಂತವಾಗಿ ಒಂದು ಕೇಸು ಹಿಡಿದು ಮುಗಿಸಬೇಕು. ಹಿಡಿದರೆ ಸಾಲದು, ಮುಗಿಸಬೇಕು. ಮುಗಿಸದವರಿಗೆ ಪರೀಕ್ಷೆ ಇಲ್ಲ. ಪರೀಕ್ಷೆ ಹೊಸ್ತಿಲಿಗೆ ಬಂದು ನಿಂತಿತ್ತು. ಹುಡುಗಿಯ ಕೈ ಬರಿದಾಗಿತ್ತು.

ಜನ ಬರುತ್ತಿರಲಿಲ್ಲ ಎಂದಲ್ಲ. ಕೋಣೆಯ ಹೊರಗಿನ ಬೆಂಚು ಖಾಲಿಯಾದದ್ದೇ ಇಲ್ಲ. ಶುರುವಿನಲ್ಲೇ ಹೋಟೆಲಿನಲ್ಲಿ ಪಾತ್ರೆ ತೊಳೆಯುವಾಕೆಯೊಬ್ಬಳು ಬಂದಿದ್ದಳು. ಕುದಿಯುವ ಎಣ್ಣೆ ಬಿದ್ದು ಅವಳ ಬಲಗೈ ಬೆಂದಿತ್ತು. ಬ್ಯಾಂಡೇಜು ಸುತ್ತಿದ ಕೈ ಕಂಡ ದಿನವೇ ಮಾಲೀಕ ಅವಳನ್ನು ಕೆಲಸದಿಂದ ತೆಗೆದಿದ್ದ. ತನ್ನಜ್ಜಿಯ ಮಡಿಲಲ್ಲಿ ಕಥೆ ಕೇಳಿ ಬೆಳೆದಿದ್ದ ಹುಡುಗಿ ಕೂತಲ್ಲೇ ಬಿಳಿ ಕುದುರೆ ಏರಿದಳು; ಹೋಟೆಲಿನ ಮಾಲೀಕನಿಗೆ ಆಗಲೇ ಕೋರೆಹಲ್ಲು ಮೂಡಿದ್ದವು. ಆದರೆ ಕೋಣೆಯ ಉಸ್ತುವಾರಿ ನೋಡುವ ಮೇಡಂ ಕನ್ನಡಕ ತೆಗೆದಿಟ್ಟು, ಇಂಥ ಕೇಸು ವರ್ಷಗಟ್ಟಲೆ ಎಳೆಯುತ್ತದೆ, ನಿನ್ನ ಪರೀಕ್ಷೆ ಅಲ್ಲಿಯವರೆಗೆ ಕಾಯುವುದಿಲ್ಲ, ಬೇರೆ ಯಾರಾದರೂ ತೆಗೆದುಕೊಳ್ಳುತ್ತಾರೆ ಬಿಡು ಎಂದು ಮೆತ್ತಗೆ ಹೇಳಿದರು. ಹುಡುಗಿ ಕುದುರೆಯಿಂದ ಇಳಿದಳು. ಬೇರೆಯವರೂ ಅದನ್ನೇ ಯೋಚಿಸಿದರು. ಪಾತ್ರೆ ತೊಳೆಯುವಾಕೆ ಬೆಂಚಿನಲ್ಲೇ ಉಳಿದಳು.

ಉಳಿದ ಕೇಸುಗಳೂ ಅಂಥವೇ. ಯಾವುದಕ್ಕೂ ಬುಡವಿತ್ತು, ತುದಿ ಇರಲಿಲ್ಲ. ನೀನು ಹುಡುಕುತ್ತಿರುವುದು ನ್ಯಾಯವನ್ನಲ್ಲ, ಕಥೆಯ ಕೊನೆಯ ಪುಟವನ್ನು ಎಂದು ಗೆಳತಿಯೊಬ್ಬಳು ಚುಚ್ಚಿದಳು. ಅವಳ ಕೇಸು ಆಗಲೇ ಮುಗಿದಿತ್ತು, ಚುಚ್ಚಲು ಬಿಡುವಿತ್ತು.

ಅಂಥ ಹೊತ್ತಿನಲ್ಲೇ ಕೆಳಮನೆಯ ಅಜ್ಜಿ ಅಳುತ್ತ ಬಂದದ್ದು. ಮೇಲಿನವಳು ತಾರಸಿಗೆ ಬೀಗ ಜಡಿದಿದ್ದಾಳೆ. ಮದುವೆಯಾಗಿ ಬಂದಾಗಿನಿಂದ ತಾನು ಬಟ್ಟೆ ಒಣಗಿಸಿದ ಜಾಗ ಅದು. ಈಗ ಮಂಚದ ಮೇಲೂ ಒದ್ದೆ ಬಟ್ಟೆ, ಮನೆತುಂಬ ಮುಗ್ಗಲು ವಾಸನೆ. ಹುಡುಗಿಗೆ ದೇವರೇ ಬಾಗಿಲಿಗೆ ಬಂದ ಹಾಗಾಯಿತು. ಬಹುಕಾಲದ ಬಳಕೆಯಿಂದ ಹುಟ್ಟುವ ಹಕ್ಕಿನ ಮೇಲೆ ಪುಸ್ತಕದಲ್ಲಿ ಇಡೀ ಅಧ್ಯಾಯವೇ ಇತ್ತು. ಮೇಡಂ ಮರುಮಾತಿಲ್ಲದೆ ಒಪ್ಪಿದರು.

"ಕೋರ್ಟು ಬೇಡ, ಹೋಗಿ ರಾಜಿ ಮಾಡಿಸು," ಎಂದರು. "ಮೆಟ್ಟಿಲು ಬಲು ಕಡಿದು. ಗೋಡೆ ಹಿಡ್ಕೊಂಡು ಹತ್ತು."

ಹಾಗೆ ಗೋಡೆ ಹಿಡಿದೇ ಹತ್ತಿ ಬಂದಿದ್ದ ಹುಡುಗಿ ಈಗ ಗಂಟಲು ಸರಿಮಾಡಿಕೊಂಡು, ಕನ್ನಡಿಯ ಮುಂದೆ ಅಭ್ಯಾಸ ಮಾಡಿದ್ದ ಮಾತು ಶುರುಮಾಡಿದಳು. ಮೊದಲ ವಾಕ್ಯವೂ ದಡ ಮುಟ್ಟಲಿಲ್ಲ. ಮುದುಕಿಯರಿಬ್ಬರೂ ಅವಳ ತಲೆಯ ಮೇಲಿಂದಲೇ ಕಾದಾಟಕ್ಕೆ ಇಳಿದರು. ನಿನ್ನ ಹರಕು ಹೊದಿಕೆಗೆ ನನ್ನ ಬಿಸಿಲೇ ಬೇಕಾ ಎಂದು ಮೇಲಿನವಳು. ಬಿಸಿಲನ್ನು ನಿನ್ನ ಗಂಡ ಕಟ್ಟಿಸಿದನಾ ಎಂದು ಕೆಳಗಿನವಳು. ಒಬ್ಬಳಿಗೆ ಉಸಿರು ಕಟ್ಟಿದರೆ ಇನ್ನೊಬ್ಬಳು ಕಾಯುತ್ತಿದ್ದಳು, ಸುಧಾರಿಸಿಕೊಂಡ ಮೇಲೆ ಮತ್ತೆ ಹರಿಹಾಯುತ್ತಿದ್ದಳು. ನಡುವೆಯೇ ಮೇಲಿನವಳು ಒಳಗೆ ಹೋಗಿ ಚಹಾ ತಂದಳು. ಒಂದು ಲೋಟವನ್ನು ಶತ್ರುವಿನ ಮುಂದೆ ಕುಕ್ಕಿದಳು.

"ಸಕ್ಕರೆ ಹಾಕಿಲ್ಲ. ಕುಡಿ."

ದ್ವೇಷಕ್ಕೆ ಎಷ್ಟೊಂದು ನೆನಪಿರುತ್ತದೆ ಎಂದು ಹುಡುಗಿ ಬೆರಗಾದಳು.

ಆಮೇಲೆ ಅವಳು ಕಾನೂನನ್ನು ಚೀಲಕ್ಕೆ ತುರುಕಿ, ತನ್ನಜ್ಜಿಯ ಒಂದು ಕಥೆ ಎತ್ತಿಕೊಂಡಳು. ಒಂದೇ ಕೊಂಬೆಯ ಮೇಲೆ ಎರಡು ಹಕ್ಕಿ. ಎಳೆಬಿಸಿಲು ಯಾರ ರೆಕ್ಕೆಗೆ ಮೊದಲು ಬೀಳಬೇಕೆಂದು ಬೆಳಗಿನಿಂದ ಕಚ್ಚಾಡಿದವು. ಸೋತು ತಲೆಯೆತ್ತಿ ನೋಡಿದರೆ ಸೂರ್ಯ ಮುಳುಗಿದ್ದ. ರಾತ್ರಿಯ ಚಳಿಗೆ ಅವು ಒಂದನ್ನೊಂದು ಒತ್ತಿಕೊಂಡೇ ಕೂರಬೇಕಾಯಿತು. ಹೇಳುತ್ತ ಹೇಳುತ್ತ ಹುಡುಗಿಯ ದನಿಯೇ ನಡುಗಿತು. ಮೇಲಿನವಳು ಆ ಕಡೆ ಮುಖ ತಿರುಗಿಸಿ ಕಣ್ಣೊತ್ತಿಕೊಂಡಳು.

"ನಿನ್ನ ಮುಖ ನೋಡಿ ಕೊಡ್ತಿದೀನಿ ಮಗು, ಇವಳದಲ್ಲ," ಎಂದು ಬೀಗದ ಕೈ ತೆಗೆದಳು.

ತಾರಸಿಯ ಬಾಗಿಲು ಕಿರುಗುಟ್ಟದೆ ತೆರೆಯಿತು. ನೀರಿನ ಟ್ಯಾಂಕಿನ ನೆರಳಲ್ಲಿ ಎರಡು ಕುರ್ಚಿಗಳು ಎದುರುಬದುರಾಗಿದ್ದವು, ಧೂಳಿಲ್ಲದೆ. ಮುರಿದ ಸ್ನೇಹದ ಕುರುಹು ಎಂದುಕೊಂಡ ಹುಡುಗಿಯ ಕಣ್ಣು ತುಂಬಿತು. ಅಲ್ಲೇ ಕೂತು ಇಬ್ಬರೂ ರಾಜಿಪತ್ರಕ್ಕೆ ಸಹಿ ಹಾಕಿದರು.

ಮರುದಿನ ಮೇಡಂ ರಾಜಿಪತ್ರ ಓದಿ, ಪರೀಕ್ಷೆಗೆ ಕೂರಲು ಅನುಮತಿ ಬರೆದುಕೊಟ್ಟರು. ಹೇಗಿತ್ತು ಎಂದು ಕೇಳಿದರು.

"ನಿಜವಾದ ಜನರ ಕಷ್ಟ ಪುಸ್ತಕದಲ್ಲಿ ಸಿಗಲ್ಲ ಮೇಡಂ," ಎಂದಳು ಹುಡುಗಿ.

ಮೇಡಂ ಕನ್ನಡಕ ತೆಗೆದು ಒರೆಸತೊಡಗಿದರು.

ಹೊರಗೆ ಬಂದು ಚಪ್ಪಲಿಯ ಪಟ್ಟಿ ಬಿಗಿಯಲು ಹುಡುಗಿ ಬೆಂಚಿನ ಅಂಚಿಗೆ ಕೂತಳು. ಪಾತ್ರೆ ತೊಳೆಯುವಾಕೆ ಸರಿದು ಜಾಗ ಕೊಟ್ಟಳು. ಬ್ಯಾಂಡೇಜು ಬಿಚ್ಚಿದ್ದಳು, ಬೆರಳುಗಳು ಮಡಚಿದಂತೆಯೇ ಒಣಗಿದ್ದವು.

"ನಿಮ್ದು ಮುಗೀತಾಮ್ಮಾ?" ಎಂದಳು.

"ಮುಗೀತು. ನಿಮ್ದೂ ಮುಗಿಯುತ್ತೆ, ನಂಬಿಕೆ ಇಡಿ," ಎಂದಳು ಹುಡುಗಿ, ಗೆದ್ದು ಬಂದವರ ಉದಾರತೆಯಿಂದ.

ಒಳಗೆ ಮೇಡಂ ಫೋನ್ ಮಾಡುತ್ತಿದ್ದರು.

"ಚಿಕ್ಕಮ್ಮಾ, ಇನ್ನೂ ಒಬ್ಬ ಹುಡುಗ ಉಳಿದಿದ್ದಾನೆ. ತಾರಸಿ ಸಾಕು, ನಲ್ಲಿ ನೀರಿಗೆ ಜಗಳ ಆಡಿ. ಈ ಸಲ ನೀವು ಅಳಿ, ಅಮ್ಮ ಬೈಯಲಿ."