ಕೊಟ್ಟ ಕಾಲು

ಸೀಸನ್ನಿಗೆ ಮುಂಚೆ ಮೆಚ್ಚಿನ ಆಟಗಾರನಿಗೆ ತಮ್ಮ ಮೊಣಕಾಲಿನ ಕಸುವು ಕೊಡುವುದು ದಾವಣಗೆರೆಯ ಬ್ಯಾಸ್ಕೆಟ್‌ಬಾಲ್ ಅಭಿಮಾನಿಗಳ ರೂಢಿ. ಸೀಸನ್ ಮುಗಿದಾಗ ಆಟಗಾರ ಮನೆಗೆ ಬಂದು ಕಾಲು ಮುಟ್ಟಿ ನಮಸ್ಕರಿಸಿದರೆ ಕಸುವು ಮರಳುತ್ತದೆ. ವಿರೂಪಣ್ಣ ತನ್ನದನ್ನು ಚೆಂಗಪ್ಪನಿಗೆ ಕೊಟ್ಟು, ಗಾಲಿ ಕುರ್ಚಿಯಲ್ಲಿ ದೋಸೆ ಹೋಟೆಲಿನ ಟೀವಿ ಮುಂದೆ ಕೂತಿದ್ದ.

“ಬೆಂಚಿನ ಮೇಲೆ ಕೂರಿಸಿ ಕೂರಿಸಿ, ಕೊನೆಗೆ ಹುಬ್ಬಳ್ಳಿ ಟೀಮಿಗೆ ಮಾರಿಬಿಟ್ರು ನಮ್ಮ ಟೀಮಿನೋರು ಅವನನ್ನ,” ಎಂದ ಗೆಳೆಯ ಗಫಾರ.

“ಹೋಗೋ ಮುಂಚೆ ಕಾಲು ಮುಟ್ಟಿ ಹೋಗ್ತೀನಿ ಅಂದಿದ್ದ ಕಣೋ.”

“ಕಸುವು ಬಿಟ್ಟು ಬಂದ್ರೆ ಹುಬ್ಬಳ್ಳಿಯೋರು ಅವನನ್ನ ಯಾಕೆ ತಗೋತಾರೆ ಹೇಳು?”

ಆಟದ ಕೊನೆಯ ಗಳಿಗೆ. ದಾವಣಗೆರೆ ಹುಬ್ಬಳ್ಳಿಗಿಂತ ಒಂದು ಪಾಯಿಂಟ್ ಮುಂದಿತ್ತು. ಚೆಂಡು ಚೆಂಗಪ್ಪನ ಕೈಗೆ ಬಂತು.

“ಬೀಳಿಸ್ರೋ ಅವನನ್ನ, ಕಾಲು ಮುರೀರಿ,” ಎಂದು ಹೋಟೆಲೆಲ್ಲ ಕೂಗಿತು. ವಿರೂಪಣ್ಣ ಜೀವವಿಲ್ಲದ ಮೊಣಕಾಲುಗಳನ್ನು ಎರಡೂ ಕೈಯಲ್ಲಿ ಅವುಚಿಕೊಂಡ. ಚೆಂಗಪ್ಪ ಎಲ್ಲರ ತಲೆಯ ಮೇಲಿಂದ ಹಾರಿ ಚೆಂಡನ್ನು ಬುಟ್ಟಿಗೆ ಇಳಿಸಿದ.

ದಾವಣಗೆರೆ ಸೋತಿತು. ಎಲ್ಲರೂ ವಿರೂಪಣ್ಣನನ್ನು ದುರುಗುಟ್ಟಿ ನೋಡಿದರು.

“ಎಷ್ಟು ಎತ್ತರ ಹಾರ್ತು ನೋಡ್ರೋ,” ಎಂದು ಅವನು ಬಿಕ್ಕಿದ. “ನನ್ನ ಹತ್ರ ಇದ್ದಾಗ ಒಂದು ಚರಂಡೀನೂ ದಾಟಿರಲಿಲ್ಲ ಈ ಕಾಲು.”